ಬಂಗಾರಪೇಟೆ ಗಾಡಿಯಲ್ಲಿ ಮೆಡೂಸಾ

ಮಾರಿಕುಪ್ಪಂನಿಂದ ರೈಲು ಹೊರಟಾಗ ಎದುರು ಸೀಟಿನ ಹುಡುಗಿಯ ಮಡಿಲಲ್ಲಿ ಬಟ್ಟೆಹಾವುಗಳ ಕಿರೀಟವಿತ್ತು. ಬಂಗಾರಪೇಟೆಯ ಶಾಲಾ ನಾಟಕದಲ್ಲಿ ಅವಳು ಮೆಡೂಸಾ: ಕೂದಲೆಲ್ಲ ಹಾವಾದ ಗ್ರೀಕ್ ರಾಕ್ಷಸಿ. ಕೊನೆಗೆ ವೀರನೊಬ್ಬ ಅವಳ ತಲೆ ಕಡಿಯುತ್ತಾನೆ. ಅದು ತಿಳಿದದ್ದೇ ಜೊತೆಯಲ್ಲಿದ್ದ ಅಜ್ಜಿ ವಾಪಸ್ ಹೋಗೋಣವೆಂದು ಹಟ ಹಿಡಿದರು.

“ನಾಗಪ್ಪನ ಮೇಲೆ ಕತ್ತಿ ಎತ್ತಾರಾ? ನೀನು ಓಗೋದು ಬ್ಯಾಡ.”

“ಬಟ್ಟೆ ಹಾವು ಕಣಜ್ಜಿ.”

“ಕಲ್ಲು ನಾಗಪ್ಪಂಗೆ ಆಲು ಎರಿಯಲ್ವಾ ನಾವು?”

ಹುಡುಗಿಯ ಕಣ್ಣು ತುಂಬಿತು. ಇಂಥ ಜಗಳವನ್ನು ಬೆಳೆಯಲು ಬಿಡಬಾರದು ಎನಿಸಿತು ನನಗೆ. “ಏಟು ಬೀಳೋದು ಕುತ್ತಿಗೆಗೆ ಅಮ್ಮಾ, ಹಾವಿಗಲ್ಲ,” ಎಂದೆ ಖಚಿತವಾಗಿ.

ಅಜ್ಜಿ ಯೋಚಿಸಿದರು. ಆಮೇಲೆ ಸಂಚಿಯಿಂದ ಕುಂಕುಮ ತೆಗೆದು ಒಂದೊಂದು ಹೆಡೆಗೂ ಇಟ್ಟು, ಕಿರೀಟವನ್ನು ಮೊಮ್ಮಗಳ ತಲೆಗೆ ತಾವೇ ತೊಡಿಸಿದರು.

“ಕತ್ತಿ ಇಡ್ಕೊಂಡಿರೋನ್ನ ಮೊದ್ಲು ನಂಗೆ ತೋರ್ಸು. ಕುತ್ತಿಗೆ ಯಾವ್ದು, ನಾಗಪ್ಪ ಯಾವ್ದು ಅಂತ ಏಳ್ಕೊಡ್ತೀನಿ.”