ಹೆಚ್ಚೆಂದರೆ, ಕಡಿಮೆಯೆಂದರೆ

ಕನ್ನಡಕ ಮೂಗಿನ ತುದಿಗೆ ಜಾರಿದರೆ ಅದನ್ನು ಮೇಲೆ ತಳ್ಳುತ್ತಿರಲಿಲ್ಲ. ನೀರು ಕುಡಿಯುವ ಕೋಳಿಯ ಹಾಗೆ ತಲೆಯನ್ನೇ ಹಿಂದಕ್ಕೆತ್ತಿ ನೋಡುತ್ತಿದ್ದರು, ಶಹಾಬಾದಿನ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಲೆಕ್ಕದ ಮಾಸ್ತರರು. ನಾನು ಮೂರನೆಯ ಇಯತ್ತೆ ಕಲಿತವಳು. ಆದರೂ ಹೇಳುತ್ತೇನೆ, ಅಷ್ಟು ಓದಿ ಅಷ್ಟು ದಡ್ಡರಾಗಿ ಉಳಿದವರನ್ನು ಬೇರೆ ಕಂಡಿಲ್ಲ.

ಕಾಲೇಜಿನಿಂದ ಬಂದರೆ ಕಂಪ್ಯೂಟರಿನ ಮುಂದೆ. ಒಂದು ಸಾಫ್ಟ್‌ವೇರ್ ಮಾಡುತ್ತಿದ್ದರು. ಖಚಿತವಾಗಿ ಗೊತ್ತಿಲ್ಲದ ಅಳತೆಯನ್ನು ಅದಕ್ಕೆ ಒಂದೇ ಅಂಕಿಯಾಗಿ ಕೊಡುವಂತಿಲ್ಲ. ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು, ಎರಡನ್ನೂ ಕೊಡಬೇಕು. ಉತ್ತರವೂ ಜೋಡಿಯಾಗಿಯೇ ಬರುತ್ತದೆ, ನಿಜ ಆ ಎರಡರ ನಡುವೆಯೇ ಇರುತ್ತದೆ ಎಂದು ಹಿಗ್ಗುತ್ತಿದ್ದರು. ಕಳೆದುಹೋದ ಎಮ್ಮೆ ಅತ್ತ ವಾಡಿ ಊರಿಗೂ ಇತ್ತ ಚಿತ್ತಾಪುರಕ್ಕೂ ನಡುವೆ ಎಲ್ಲೋ ಇದೆ ಅಂದರೆ ಹಾಲು ಕರೆಯಲಾಗುತ್ತದೆಯೇ ಎಂದು ಕೇಳಿದೆ.

"ದೂರದ ಚಿಂಚೋಳಿ ತನಕ ಹುಡುಕೋದಾದ್ರೂ ತಪ್ತದಲ್ರಿ, ಆಯಿ," ಎಂದರು.

ಸೊಸೆ ಹಡೆದ ವರ್ಷ ಮಗ ಮಾಳಿಗೆಯ ಮೇಲೆ ನೀರಿನ ಟಾಕಿ ಇಡಿಸಲು ಹೊರಟ. ಫರಸಿ ಕಲ್ಲಿನ ಚಪ್ಪಡಿ ಹೊದಿಸಿದ ಹಳೆಯ ಮಾಳಿಗೆ. ಟಾಕಿ ಕೂರುವ ಜಾಗದ ಕೆಳಗೇ ಕೂಸಿನ ತೊಟ್ಟಿಲು. ಕಟ್ಟಡ ಕೆಲಸದ ಗೌಂಡಿ ಕಲ್ಲಿಗೆ ಸುತ್ತಿಗೆ ಬಡಿದು ಸದ್ದು ಕೇಳಿ, ಆನೆ ನಿಂತರೂ ಏನೂ ಆಗದು ಎಂದ. ಮಾಸ್ತರರು ಎರಡು ದಿನ ನಿಚ್ಚಣಿಕೆ ಹತ್ತಿ ಕಲ್ಲುಗಳ ದಪ್ಪ ಅಳೆದರು. ಕೈಯಿಂದ ಸೀಳಿದ ಕಲ್ಲು, ಒಂದೆಡೆ ಎರಡು ಬೆರಳು, ಇನ್ನೊಂದೆಡೆ ಒಂದೂವರೆ. ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ ಚೀಟಿ ಹಿಡಿದು ಬಂದರು.

"ಬೀಳ್ತದೋ ಇಲ್ಲೋ, ಅದಷ್ಟು ಹೇಳ್ರಿ ಮಾಸ್ತರ."

"ಹೆಚ್ಚಂದ್ರ ಎರಡು ಟಾಕಿ ತಡೀತದ್ರಿ. ಕಡಿಮಿ ಅಂದ್ರ ಒಂದೂ ತಡಿಯಂಗಿಲ್ಲ. ಯಾವುದು ಖರೆ ಅಂತ ನಂಗ ಗೊತ್ತಿಲ್ರಿ."

ಇಷ್ಟಕ್ಕಾಗಿ ಎರಡು ದಿನ ನನ್ನ ಕರೆಂಟು ಸುಟ್ಟಿರಾ ಎಂದು ಉಗಿದೆ. ಉಗಿದವಳು ಒಳಗೆ ಹೋಗಿ ತೊಟ್ಟಿಲು ನೋಡಿದೆ. ಟಾಕಿಯನ್ನು ಅಂಗಳದಲ್ಲೇ ಇಡಿಸಿದೆ.

ಸಿಟ್ಟಾದ ಗೌಂಡಿ ಅಂಥದೇ ಟಾಕಿಯನ್ನು ಪಕ್ಕದವರ ಮಾಳಿಗೆಯ ಮೇಲೆ ಕೂರಿಸಿದ. ಅದು ಇಂದಿಗೂ ನೆಟ್ಟಗಿದೆ. ಅವರ ಅಡುಗೆಮನೆಯ ನಳದಲ್ಲಿ ನೀರು ಬರುತ್ತದೆ. ನಾನು ಅಂಗಳದಿಂದ ಕೊಡ ಹೊರುತ್ತೇನೆ, ಮಾಸ್ತರರನ್ನು ಬೈಯುತ್ತೇನೆ. ಮೊಮ್ಮಗಳು ಶಾಲೆಗೆ ಹೋಗುತ್ತಾಳೆ.

ಹೋದ ವರ್ಷ ಅವರು ತಮ್ಮ ಊರು ಸೇಡಂನಲ್ಲಿ ತೀರಿಕೊಂಡರು. ಮಣ್ಣು ಕೊಡಲು ಹೋಗಿದ್ದೆ. ಗಂಡ, ಮಗ, ಗೌಂಡಿ, ಡಾಕ್ಟರು, ಎಲ್ಲರೂ ಜೀವನವಿಡೀ ನನಗೆ ಖಾತ್ರಿ ಕೊಟ್ಟವರೇ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಗಂಡಸು ಅವರೊಬ್ಬರೇ.