ಬಲಗೈ ಹೆಬ್ಬೆಟ್ಟು

ದುಡಿಯದವರಿಗೂ ದುಡ್ಡು ಕೊಡುತ್ತಾರಂತೆ ಎಂಬ ಸುದ್ದಿಯನ್ನು ಆ ಓಣಿಯಲ್ಲಿ ಮೊದಲು ಯಾರೂ ನಂಬಲಿಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜನವೇ ಅವರು. ಆದರೆ ಬೆವರು ಸುರಿಸಿದ ಕೂಲಿಯನ್ನೇ ನಾಲ್ಕು ಸಲ ಅಲೆಸಿ ಕೊಡುವ ಲೋಕದಲ್ಲಿ, ಬಡವರ ಮನೆಯ ಹಿರಿಯ ಹೆಂಗಸಿಗೆ ತಿಂಗಳು ತಿಂಗಳು ನಗದು ಕೊಡುತ್ತಾರೆಂದರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ. ಅದಕ್ಕೆ ಪ್ರತಿಯಾಗಿ ಏನು ಕೇಳುತ್ತಾರೆ ಎಂದು ವಿಚಾರಿಸಿದರು. ಏನೂ ಇಲ್ಲ, ಹೆಬ್ಬೆಟ್ಟು ಒತ್ತಿದರೆ ಸಾಕು ಎಂದು ಉತ್ತರ ಬಂತು.

ಇಸ್ತ್ರಿಯವಳು ಎಂದು ಈಗ ಎಲ್ಲರೂ ಕರೆಯುವ ಹೆಂಗಸು ಆಗ ದೊಡ್ಡ ಕಟ್ಟಡವೊಂದರ ಮೆಟ್ಟಿಲು ಗುಡಿಸುತ್ತಿದ್ದಳು. ಮಗಳು ಹುಟ್ಟಿದ ವರ್ಷವೇ ಗಂಡ ತೀರಿಕೊಂಡಿದ್ದ. ಒಂದೇ ಕೋಣೆಯ ಮನೆಯಲ್ಲಿ ಅವಳು, ಅವಳ ಅತ್ತೆ, ಎಂಟು ವರ್ಷದ ಮಗಳು. ಮಗಳು ಶಾಲೆ ಬಿಟ್ಟು, ಪಕ್ಕದ ಬೀದಿಯ ಹೊಲಿಗೆ ಶೆಡ್ಡಿನಲ್ಲಿ ದಿನವಿಡೀ ನೆಲದ ಮೇಲೆ ಕೂತು, ಹೊಲಿದ ಅಂಗಿಗಳಿಂದ ಜೋತಾಡುವ ದಾರ ಕತ್ತರಿಸುತ್ತಿದ್ದಳು. ಸಂಜೆ ಮನೆಗೆ ಬಂದರೆ ಬತ್ತಿ ನಂದಿದ ಹಾಗೆ ಕೂತಿರುತ್ತಿದ್ದಳು.

ಹೆಸರು ಬರೆಸಲು ಅತ್ತೆ ಸೊಸೆ ಇಬ್ಬರೂ ಹೋದರು. ಅತ್ತೆಯದು ನಲವತ್ತು ವರ್ಷ ಸೋಡಾ ನೀರಿನಲ್ಲಿ ಊರವರ ಬಟ್ಟೆ ಒಗೆದ ಕೈ. ಬೆರಳುಗಳು ಸವೆದ ಸೋಪಿನ ಚೂರಿನಂತೆ ನುಣ್ಣಗಾಗಿದ್ದವು, ಒಂದು ಗೆರೆಯೂ ಉಳಿದಿರಲಿಲ್ಲ. ಹತ್ತೂ ಬೆರಳು ಒತ್ತಿಸಿದರೂ ಬೆರಳಿನ ಗೆರೆ ಓದುವ ಯಂತ್ರ ಮಿಸುಕಾಡಲಿಲ್ಲ. ಹಿಂದೆ ಉದ್ದದ ಸಾಲು, ಊಟದ ಹೊತ್ತು ಬೇರೆ. ಹೆಸರು ಬರೆಯುವವನಿಗೆ ತಾಳ್ಮೆ ಮುಗಿಯಿತು. ಒಂದೇ ಮನೆ ತಾನೇ, ಸೊಸೆಯ ಬಲಗೈ ಹೆಬ್ಬೆಟ್ಟು ಅತ್ತೆಯದೆಂದು ಬರೆಯುತ್ತೇನೆ, ಎಡಗೈಯದು ಸೊಸೆಯದೇ ಇರಲಿ ಎಂದ. ಇದರಲ್ಲಿ ಮೋಸವೇನಿದೆ ಎಂದು ಇಬ್ಬರಿಗೂ ಅನಿಸಲಿಲ್ಲ. ಕೆಲಸವಾಯಿತಲ್ಲ ಎಂದು ಅತ್ತೆಗೆ ಖುಷಿಯೋ ಖುಷಿ. ದಾರಿಯಲ್ಲಿ ಸೊಸೆಯ ಬಲಗೈ ಹಿಡಿದುಕೊಂಡೇ ನಡೆದಳು.

"ಇನ್ಮೇಲೆ ಈ ಕೈ ನಂದು ಕಣೇ. ಜೋಪಾನ," ಎಂದಳು.

ದುಡ್ಡು ನಿಜವಾಗಿಯೂ ಬಂತು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು, ಇವರು ನಾಳೆಯಿಂದ ಕೈಕಾಲು ಆಡಿಸುವುದಿಲ್ಲ ನೋಡಿ ಎಂದು ಹೊಟ್ಟೆ ತುಂಬಿದವರು ಮಾತಾಡಿಕೊಂಡರು. ಹೊಟ್ಟೆ ತುಂಬಿದವರಿಗೆ ಗಾದೆಗೇನು ಬರ! ಇಲ್ಲಿ ಆದದ್ದೇ ಬೇರೆ. ಮೊದಲ ತಿಂಗಳೇ ಮಗಳು ಶಾಲೆಗೆ ಹೋದಳು. ಅತ್ತೆ ಕನ್ನಡಕ ಮಾಡಿಸಿಕೊಂಡು, ಮನೆಯಲ್ಲಿ ಇಷ್ಟೊಂದು ಜೇಡರ ಬಲೆ ಇದೆಯೆಂದು ಸೊಸೆಯನ್ನು ಬೈದಳು. ಮನೆಯ ಜಗಳಗಳಲ್ಲಿ ಅರ್ಧ ಜಗಳ ಹಸಿವಿನದಾಗಿತ್ತೆಂದು ಆಗ ತಿಳಿಯಿತು. ಉಳಿದರ್ಧ ಮಾತ್ರ ಅತ್ತೆಯದು. ಸೊಸೆ ಗುಡಿಸುವುದನ್ನು ಬಿಟ್ಟು, ಸಂಬಳವಿಲ್ಲದೆ ಎರಡು ತಿಂಗಳು ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಕಲಿತಳು. ಸಂಬಳವಿಲ್ಲದೆ ಎರಡು ತಿಂಗಳು ಬದುಕುವುದು ಅವಳ ಜನ್ಮದಲ್ಲೇ ಸಾಧ್ಯವಾದದ್ದು ಅದೊಂದು ಸಲ.

ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಬಲಗೈಯಲ್ಲಿರುತ್ತದೆ. ಎಡಗೈ ಮುಂದೆ ಮುಂದೆ ಸುಕ್ಕು ಬಿಡಿಸುತ್ತ ಹೋಗುತ್ತದೆ. ಪೆಟ್ಟಿಗೆ ಕಾದಿದೆಯೋ ಇಲ್ಲವೋ ನೋಡಲು ಎಡಗೈ ಹೆಬ್ಬೆಟ್ಟನ್ನು ನಾಲಿಗೆಗೆ ಮುಟ್ಟಿಸಿ, ಪೆಟ್ಟಿಗೆಯ ತಳಕ್ಕೆ ಚುರ್ ಎನಿಸಬೇಕು. ಇದು ಆ ಕೆಲಸದವರೆಲ್ಲರ ಅಭ್ಯಾಸ. ದಿನಕ್ಕೆ ಎಷ್ಟು ಸಲ ಚುರ್ ಎನಿಸಿದಳೋ, ವರ್ಷ ಕಳೆಯುವುದರೊಳಗೆ ಆ ಹೆಬ್ಬೆಟ್ಟಿಗೆ ಬಿಸಿಯೂ ತಿಳಿಯದು, ತಂಪೂ ತಿಳಿಯದು. ಅದೊಂದು ಲಾಭವೆಂದೇ ಅವಳು ಅಂದುಕೊಂಡಿದ್ದಳು.

ಮೂರನೆಯ ವರ್ಷ ಅತ್ತೆ ಸತ್ತಳು. ಮೂರು ದಿನದ ಜ್ವರ, ಅಷ್ಟೇ. ಕೊನೆಯ ಹೊತ್ತಿನಲ್ಲಿ ಸೊಸೆಯ ಬಲಗೈ ಹಿಡಿದವಳು ಬಿಡಲಿಲ್ಲ, ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಸೊಸೆ ಮನಸಾರೆ ಅತ್ತಳು. ಬೈದರೂ ಬಡಿಸುತ್ತಿದ್ದ ಕೈ ಅದು.

ಹನ್ನೊಂದು ದಿನ ಕಳೆದ ಮೇಲೆ ಅವಳು ಸಹಾಯದ ದುಡ್ಡು ಕೊಡುವ ದಿನಸಿ ಅಂಗಡಿಗೆ ಹೋದಳು. ಹೋದದ್ದು ಅತ್ತೆ ಹೋದಳೆಂದು ತಿಳಿಸಲಿಕ್ಕೇ. ಅಂಗಡಿಯವನು ಯಾವುದೋ ಫೋನಿನಲ್ಲಿದ್ದ, ತಲೆಯೆತ್ತದೆ ಯಂತ್ರವನ್ನು ಮುಂದೆ ತಳ್ಳಿದ. ಮೂರು ವರ್ಷದ ರೂಢಿ, ಬಲಗೈ ತಾನಾಗಿ ಮುಂದೆ ಹೋಯಿತು. ಯಂತ್ರದೊಳಗಿನ ಹೆಣ್ಣುದನಿ ಎಂದಿನಂತೆ ಸ್ಪಷ್ಟವಾಗಿ ಹೇಳಿತು:

"ಹಿರಿಯ ಸದಸ್ಯೆ, ವಯಸ್ಸು ಎಪ್ಪತ್ತೊಂದು. ಜೀವಂತ."

ಆ ಮಾತನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಆಗೆಲ್ಲ ಅತ್ತೆ ಪಕ್ಕದ ಬೆಂಚಿನ ಮೇಲೆ ಕೂತು, ಹೌದಪ್ಪ ಇನ್ನೂ ಇದೀನಿ ಎಂದು ನಗಿಸುತ್ತಿದ್ದಳು. ಈಗ ಬೆಂಚು ಖಾಲಿಯಿತ್ತು. ಹೇಳಬೇಕೆಂದಿದ್ದನ್ನು ಹೇಳದೆ ದುಡ್ಡು ತೆಗೆದುಕೊಂಡು ಮನೆಗೆ ಬಂದಳು.

ಅಂದಿನಿಂದ ಬಲಗೈಯ ವರಸೆಯೇ ಬದಲಾಯಿತು. ಉಪ್ಪು ಹಾಕುವಾಗ ಅತ್ತೆಯ ಹಾಗೆ ಒಂದು ಚಿಟಿಕೆ ಹಾಕಿ, ಅರ್ಧ ಚಿಟಿಕೆ ವಾಪಸು ಡಬ್ಬಿಗೆ ಉದುರಿಸುತ್ತಿತ್ತು. ಯೋಚನೆಗೆ ಬಿದ್ದಾಗ ಹೊದಿಕೆಯ ಅಂಚನ್ನು ಉಜ್ಜುತ್ತಿತ್ತು. ಅದೂ ಅತ್ತೆಯ ಚಾಳಿ. ಲಾಂಡ್ರಿಯಲ್ಲಿ ಜೊತೆಯವಳೊಬ್ಬಳು, ಇದೇನು ಬಟ್ಟೆಯನ್ನು ಮುದುಕಿಯರ ಹಾಗೆ ಮೂರು ಮಡಿಕೆ ಮಾಡುತ್ತಿದ್ದೀಯ ಎಂದು ಕೇಳಿದಳು. ನೋಡಿದರೆ ಬೆಳಗಿನಿಂದ ಹಾಗೇ ಮಡಚಿಟ್ಟಿದ್ದಾಳೆ, ಅವಳಿಗೆ ಗೊತ್ತೇ ಇಲ್ಲ. ಜೊತೆಗಿದ್ದವರ ಚಾಳಿ ಅಂಟಿಕೊಳ್ಳುವುದು ಲೋಕದ ಮಾತು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅಂಟಿದ್ದು ಒಂದೇ ಕೈಗೆ. ಎಡಗೈಗೆ ಅದರ ಸೋಂಕೂ ಇರಲಿಲ್ಲ.

ಮಗಳನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದವಳು ಅತ್ತೆ. ಕೂಗುತ್ತಿರಲಿಲ್ಲ, ಎರಡು ಹುಬ್ಬಿನ ನಡುವೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಒಂದು ಬೆಳಿಗ್ಗೆ ಇಸ್ತ್ರಿಯವಳು ಮಗಳ ಹೆಗಲು ಅಲುಗಿಸಲೆಂದು ಬಗ್ಗಿದಳು. ಕೈ ಹೋಗಿ ಹುಬ್ಬಿನ ನಡುವೆ ಕೂತಿತು. ಮಗಳು ಕಣ್ಣು ಬಿಡದೆ, ಇನ್ನೊಂದು ನಿಮಿಷ ಅಜ್ಜಿ ಎಂದಳು. ಅವಳು ಕೈಯನ್ನು ಬೆಂಕಿಯಿಂದ ಎಳೆದುಕೊಂಡಂತೆ ಎಳೆದುಕೊಂಡಳು.

ನಾಲ್ಕು ತಿಂಗಳು ತಡೆದಳು. ಆಮೇಲೆ ಇದು ನನ್ನಿಂದಾಗದು, ನನ್ನ ಕೈ ನನಗೆ ಬೇಕು ಎಂದು ಕಚೇರಿಗೆ ಹೊರಟಳು. ನಿಯಮವನ್ನು ಮೊದಲೇ ವಿಚಾರಿಸಿಕೊಂಡಿದ್ದಳು. ಹಿರಿಯ ಹೆಂಗಸು ಸತ್ತರೆ ದುಡ್ಡು ಅದೇ ಮನೆಯ ಮುಂದಿನ ಹೆಂಗಸಿಗೆ ಹೋಗುತ್ತದೆ. ಅವಳು ಬಂದು ತನ್ನ ಬೆರಳು ತೋರಿಸಿದರೆ ಆಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಬಂತು ನನ್ನ ಕಾಲ ಎಂದುಕೊಂಡಳು. ಮಗಳಿಗೆ ಹನ್ನೊಂದು ತುಂಬಿತ್ತು, ಆರನೆಯ ತರಗತಿ. ಹೊಲಿಗೆ ಶೆಡ್ಡಿನವನು ಈಗಲೂ ದಾರಿಯಲ್ಲಿ ಸಿಕ್ಕಾಗ, ಹುಡುಗಿಯ ಕೈ ಚುರುಕು, ಯಾವಾಗ ಕಳಿಸುತ್ತೀ ಎಂದು ಕೇಳುತ್ತಲೇ ಇದ್ದ. ಲಾಂಡ್ರಿಯ ಸಂಬಳ ಬಾಡಿಗೆಗೂ ಅನ್ನಕ್ಕೂ ಸರಿಹೋಗುತ್ತಿತ್ತು. ಶಾಲೆ ನಡೆಯುತ್ತಿದ್ದದ್ದು ಆ ಇನ್ನೊಂದು ದುಡ್ಡಿನಲ್ಲಿ.

ಕಚೇರಿಯ ಗುಮಾಸ್ತ ಕೆಟ್ಟವನಲ್ಲ, ದಣಿದವನು. ಅವಳು ಹೇಳಿದ್ದನ್ನೆಲ್ಲ ಕೇಳಿ ಯಂತ್ರ ತೋರಿಸಿದ. ಅವಳು ಎಡಗೈ ಹೆಬ್ಬೆಟ್ಟು ಇಟ್ಟಳು. ಯಂತ್ರ ಸುಮ್ಮನಿತ್ತು. ಒರೆಸಿ ಇಟ್ಟಳು, ಊದಿ ಇಟ್ಟಳು, ಬಲವಾಗಿ ಒತ್ತಿದಳು. ಅದು ಕಲ್ಲಿನ ಮೇಲೆ ಕಲ್ಲಿಟ್ಟಂತೆ ಸುಮ್ಮನೇ ಇತ್ತು. ಗುಮಾಸ್ತ ಅವಳ ಬೆರಳು ತಿರುಗಿಸಿ ನೋಡಿ, ಇದರಲ್ಲಿ ಒಂದು ಗೆರೆಯೂ ಇಲ್ಲವಲ್ಲ ಎಂದ. ಇನ್ನೊಂದು ಕೈ ಇಡಲು ಹೇಳಿದ. ಅವಳು ಹಿಂಜರಿದಳು, ಆದರೆ ಕೈ ಹಿಂಜರಿಯಲಿಲ್ಲ.

"ಹಿರಿಯ ಸದಸ್ಯೆ, ವಯಸ್ಸು ಎಪ್ಪತ್ತೊಂದು. ಜೀವಂತ."

ಸತ್ತವಳು ಅವಳೇ, ನಾನು ಸೊಸೆ ಎಂದು ಅವಳು ಮತ್ತೆ ಮೊದಲಿನಿಂದ ಹೇಳಿದಳು. ಹೆಸರು ಬರೆದವನು ಹೀಗೆ ಮಾಡಿದ ಎಂದಳು. ಅವನು ಈಗ ಯಾವ ಊರಿನಲ್ಲಿದ್ದಾನೋ ಯಾರಿಗೆ ಗೊತ್ತು. ಗುಮಾಸ್ತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಮನುಷ್ಯನಾಗಿರಲಿಲ್ಲ ಅವನು, ಆದರೆ ಯಂತ್ರ ಆ ಜಾತಿಯದು.

"ನೋಡಮ್ಮಾ, ನಾನು ನಂಬ್ತೀನಿ. ಇದು ನಂಬಲ್ಲ. ಅತ್ತೆ ಸತ್ತರು ಅಂತ ಬರೆದ್ರೆ ಮುಂದಿನವಳದು ಅಂತ ಬರೆಸಿದ ಬೆರಳೇ ಬೇಕು, ಅದು ಬರ್ತಿಲ್ಲ. ಮನೆಯ ಕಡತವೇ ಮುಚ್ಚಿಹೋಗುತ್ತೆ, ದುಡ್ಡೂ ನಿಲ್ಲುತ್ತೆ. ಮನೇಲಿ ಸಾವಾಗಿದೆ ಅಂತ ನೀವೇ ಹೇಳಿದ್ರಿ, ಒಬ್ಬರ ಹೆಸರು ಬರೀಲೇಬೇಕು. ಬದುಕಿರೋದು ಈ ಬೆರಳೊಂದೇ. ಯಾರು ಸತ್ತರು ಅಂತ ಬರೀಲಿ?"

ಹೊರಗೆ ಶಾಲೆ ಬಿಟ್ಟ ಮಕ್ಕಳ ಗದ್ದಲ ಕೇಳುತ್ತಿತ್ತು. ಅವಳು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿದಳು. ಬಲಗೈ ಮೇಜಿನ ಬಟ್ಟೆಯ ಅಂಚನ್ನು ಉಜ್ಜಲು ಶುರುಮಾಡಿತ್ತು. ಹೆಬ್ಬೆಟ್ಟು ಸುಟ್ಟ ಎಡಗೈ ಅಲುಗಲಿಲ್ಲ.

"ಸೊಸೆ ಸತ್ತಳು ಅಂತ ಬರೀರಿ," ಎಂದಳು.

ಅವನು ಬರೆದ. ಸಾವಿಗೆ ಮನೆಯವರ ಸಾಕ್ಷಿ ಬೇಕಿತ್ತು. ಅದಕ್ಕೂ ಬಲಗೈ ಹೆಬ್ಬೆಟ್ಟೇ ಆಯಿತು. ಮುಗಿದ ಮೇಲೆ ಅವನು ಎದ್ದು ನಿಂತು, ಮೆಟ್ಟಿಲು ಜಾರುತ್ತದೆ, ನಿಧಾನವಾಗಿ ಇಳಿಯಿರಿ ಅಜ್ಜಿ ಎಂದ. ತಮಾಷೆಗೆ ಅಂದದ್ದಲ್ಲ, ಬಾಯಿಗೆ ಹಾಗೇ ಬಂತು. ಅವಳು ಕಂಬಿ ಹಿಡಿದುಕೊಂಡು ಇಳಿದಳು. ವಯಸ್ಸು ಮೂವತ್ನಾಲ್ಕು, ಮಂಡಿ ನೋಯುತ್ತಿತ್ತು.

ಮರುದಿನ ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಬಂದು ಮಗಳ ಹಾಸಿಗೆಯ ಮೇಲೆ ಬಿದ್ದಿತ್ತು. ಒಗೆದು ಮೂರು ಮಡಿಕೆ ಮಾಡಿದ ಶಾಲೆಯ ಬಟ್ಟೆ ಪಕ್ಕದಲ್ಲಿತ್ತು. ಅವಳು ಹಟ ಹಿಡಿದವಳಂತೆ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈ ಹೆಬ್ಬೆಟ್ಟನ್ನು ಮಗಳ ಹುಬ್ಬಿನ ನಡುವೆ ಒತ್ತಿದಳು. ಮಗಳು ಏಳಲಿಲ್ಲ. ಇನ್ನೂ ಬಲವಾಗಿ ಒತ್ತಿದಳು. ಹೆಸರು ಹಿಡಿದು ಕರೆದಳು. ಮಗಳ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಶಾಲೆಯ ಮೊದಲ ಗಂಟೆ ಹೊಡೆಯಿತು.

ಕೊನೆಗೆ ಬಲಗೈ ಮುಂದೆ ತಂದಳು. ಹೆಬ್ಬೆಟ್ಟು ಇನ್ನೂ ಸರಿಯಾಗಿ ತಾಗಿರಲಿಲ್ಲ, ಮಗಳು ನಗುತ್ತ ಹೊರಳಿದಳು. ಕಣ್ಣು ಅರೆಬರೆ ತೆರೆದಿತ್ತು.

"ಎದ್ದೆ ಅಜ್ಜಿ. ಅಮ್ಮ ಎಲ್ಲಿ?"

ಅವಳು ಬಾಯಿ ತೆರೆದಳು. ಹೊರಟ ದನಿ ತುಸು ಒಡಕಾಗಿತ್ತು.

"ಕೆಲಸಕ್ಕೆ ಹೋದ್ಲು ಮಗಾ. ನೀನು ಏಳು, ಸ್ಕೂಲಿಗೆ ಹೊತ್ತಾಯ್ತು."