ಮೆಷಿನ್ ರೂಮಿನಲ್ಲಿ ಬಿಚ್ಚದ ಡಬ್ಬಿ

ಅವನು ಲಿಫ್ಟ್ ರಿಪೇರಿಯವನು. ಮೈಕೈ ತುಂಬಿಕೊಂಡಿದ್ದ ಆಳು. ಒಮ್ಮೆ ಯಾವುದೋ ಕಟ್ಟಡದಲ್ಲಿ ಒಬ್ಬರು, "ನೀನು ಹತ್ತಿದ್ರೆ ಲಿಫ್ಟು ಮೇಲಕ್ಕೇ ಹೋಗಲ್ವಲ್ಲಪ್ಪ" ಎಂದರು. ಒಳಗಿದ್ದವರೆಲ್ಲ ನಕ್ಕರು, ಅವನೂ ನಕ್ಕ. ಅಂದಿನಿಂದ ರಾತ್ರಿ ಊಟ ಬಿಟ್ಟ.

ಮೈ ಇಳಿದಾಗ ಜನ ಹೊಗಳಿದರು. "ಏನಯ್ಯಾ, ಹೀರೋ ಆಗ್ಬಿಟ್ಟೆ!" ಆ ಮಾತಿನ ರುಚಿ ಹತ್ತಿ ಬೆಳಗಿನ ತಿಂಡಿಯನ್ನೂ ಬಿಟ್ಟ. ಸಾಕು ಅನ್ನಿಸುವ ಹೊತ್ತಿಗೆ ನಿಲ್ಲಿಸಲು ಆಗಲಿಲ್ಲ. ಒಂದು ತುತ್ತು ಹೆಚ್ಚಾದರೆ ತಪ್ಪು ಮಾಡಿದವನಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಷರ್ಟು ಹೆಗಲಿನಿಂದ ಜೋತುಬಿದ್ದಿದ್ದರೂ ಕನ್ನಡಿಯಲ್ಲಿ ಅವನಿಗೆ ದಪ್ಪಗಿನವನೇ ಕಾಣುತ್ತಿದ್ದ.

ಮಧ್ಯಾಹ್ನ ಜೊತೆಯವರು ನೆಲಮಾಳಿಗೆಯಲ್ಲಿ ಡಬ್ಬಿ ಬಿಚ್ಚಿದರೆ ಇವನು ಹೋಟೆಲಿನಲ್ಲಿ ತುಂಬಿಸಿಕೊಂಡು ಬಂದ ತನ್ನದನ್ನು ಹಿಡಿದು ಲಿಫ್ಟಿನ ಮೋಟಾರಿರುವ ತಾರಸಿಯ ಮೆಷಿನ್ ರೂಮಿಗೆ ಹೋಗುತ್ತಿದ್ದ. ಅನ್ನವನ್ನು ಪಾರಿವಾಳಗಳಿಗೆ ಸುರಿದು ಬಂದು, "ಮೇಲೇ ತಿಂದೆ" ಎನ್ನುತ್ತಿದ್ದ. ಯಾರಾದರೂ ಊಟಕ್ಕೆ ಕರೆದರೆ ಏನಾದರೂ ನೆಪ ಹೇಳುತ್ತಿದ್ದ. ಬರಬರುತ್ತಾ ಕರೆಯುವವರೇ ಇಲ್ಲವಾದರು. ಬಾಡಿಗೆ ಕೋಣೆಯಲ್ಲಿ ಉರಿಯದ ಒಲೆ ಥಳಥಳ ಹೊಳೆಯುತ್ತಿತ್ತು.

ಒಂದು ಮಧ್ಯಾಹ್ನ ಮೇಲೆ ಹೋದವನು ಇಳಿಯಲೇ ಇಲ್ಲ. ಹುಡುಕಿಕೊಂಡು ಬಂದ ಮೇಸ್ತ್ರಿಗೆ, ಮೋಟಾರಿನ ಪಕ್ಕ ಗೋಡೆಗೊರಗಿ ಕಣ್ಣು ಕತ್ತಲಿಟ್ಟು ಕೂತವನು ಸಿಕ್ಕಿದ. ಮಡಿಲಲ್ಲಿ ಬಿಚ್ಚದ ಡಬ್ಬಿ. ಮೇಸ್ತ್ರಿ ತೋಳು ಹಿಡಿದು ಎತ್ತಿ ಬೆಚ್ಚಿಬಿದ್ದರು. "ಇದೇನೋ, ಬಟ್ಟೆಯೊಳಗೆ ಮನುಷ್ಯನೇ ಇಲ್ವಲ್ಲೋ!"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಇದು ಹಟ ಅಲ್ಲ, ಕಾಯಿಲೆ. ಗಂಡಸರಿಗೂ ಬರುತ್ತೆ, ವಾಸೀನೂ ಆಗುತ್ತೆ. ಟೈಮ್ ಹಿಡಿಯುತ್ತೆ ಅಷ್ಟೆ" ಎಂದರು. ಅವನು ಗೋಡೆ ಕಡೆ ತಿರುಗಿ ಅತ್ತ.

ದೂರದ ಊರಿಂದ ಅಕ್ಕ ಬಂದಳು. "ನನ್ನಾಣೆ, ಇನ್ನೊಂದು ತುತ್ತು" ಎಂದು ಗೋಗರೆದಳು, ರೇಗಿದಳು. ಅವಳು ಒತ್ತಾಯಿಸಿದಷ್ಟೂ ಅವನು ತಟ್ಟೆಯನ್ನು ದೂರ ತಳ್ಳುತ್ತಿದ್ದ. ಕೊನೆಗೆ ಆಸ್ಪತ್ರೆಯ ಆಪ್ತಸಮಾಲೋಚಕಿ ಅವಳನ್ನು ಹೊರಗೆ ಕರೆದರು.

"ತುತ್ತು ಎಣಿಸ್ಬೇಡಿ. ಸಣ್ಣಗಾಗಿದೀಯ, ದಪ್ಪಗಾಗಿದೀಯ ಅನ್ಬೇಡಿ. ಜೊತೆಗೆ ಕೂತು ನೀವೂ ಊಟ ಮಾಡಿ, ಬೇರೆ ಏನಾದ್ರೂ ಮಾತಾಡಿ."

"ಬೇರೆ ಏನಂತ ಮಾತಾಡ್ಲಿ?"

"ಮನೆ ಕಡೆ ಸುದ್ದಿ ಇಲ್ವಾ?"

ಅಂದು ಅಕ್ಕ ತನ್ನ ತಟ್ಟೆಯನ್ನೇ ನೋಡುತ್ತಾ, "ನಿಮ್ಮ ಭಾವ ಗೊರಕೆ ಹೊಡೆದ್ರೆ ಪಕ್ಕದ್ಮನೆ ನಾಯಿ ಉತ್ತರ ಕೊಡುತ್ತೆ ಕಣೋ" ಎಂದಳು. ಅವನಿಗೆ ನಗು ಬಂತು. ಎಷ್ಟು ತಿಂದನೆಂದು ಇಬ್ಬರೂ ನೋಡಲಿಲ್ಲ.

ಅಕ್ಕ ತನ್ನ ಮನೆಗೆ ಹಿಂತಿರುಗಲೇಬೇಕಿತ್ತು. ಅವನು ಕೋಣೆಗೆ ಮರಳಿದ. ಚಿಕಿತ್ಸೆ ಮುಂದುವರಿಯಿತು. ಕೆಲವು ವಾರ ಚೆನ್ನಾಗಿರುತ್ತಿದ್ದ, ಕೆಲವು ವಾರ ಮತ್ತೆ ಜಾರುತ್ತಿದ್ದ. ಡಾಕ್ಟರಮ್ಮ ಒಪ್ಪಿದ ಮೇಲೆ ಮೇಸ್ತ್ರಿ ಅವನಿಗೆ ಹತ್ತಿಳಿಯದೆ ನೆಲದ ಮೇಲೇ ಮಾಡುವ ಕೆಲಸ ಕೊಟ್ಟರು.

ನೆಲಮಾಳಿಗೆಯಲ್ಲಿ ಎಲ್ಲರ ಜೊತೆ ಡಬ್ಬಿ ಬಿಚ್ಚಿದ ಮೊದಲ ದಿನ ಒಬ್ಬ, "ಮುಖ ತುಂಬ್ಕೊಂಡಿದೆ ಕಣೋ!" ಎಂದ. ಖುಷಿಯಿಂದಲೇ ಅಂದದ್ದು. ಇವನ ಕೈ ಅಲ್ಲೇ ನಿಂತಿತು. ಮುಚ್ಚಳ ಹಾಕಿ ಎದ್ದುಬಿಟ್ಟ. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ.

ಸಂಜೆ ಫೋನು ಮಾಡಿದ. "ಅಕ್ಕಾ, ಇವತ್ತು ಅರ್ಧಕ್ಕೇ ಬಿಟ್ಟೆ."

ಆ ಕಡೆ ತಟ್ಟೆ ಇಡುವ ಸದ್ದಾಯಿತು. ಆಮೇಲೆ, "ಸರಿ. ನಾನೀಗ ಊಟಕ್ಕೆ ಕೂರ್ತಿದೀನಿ. ನೀನೂ ತಟ್ಟೆ ಹಾಕ್ಕೋ, ಫೋನ್ ಇಡ್ಬೇಡ."

ಅವನು ಅನ್ನ, ಮೊಟ್ಟೆ ಬಡಿಸಿಕೊಂಡ. ಫೋನಿನಲ್ಲಿ ಅವಳ ಪಾತ್ರೆಗಳ ಸದ್ದು, ಭಾವನ ಕೆಮ್ಮು ಕೇಳಿಸುತ್ತಿತ್ತು. ಅವಳ ಊಟ ಬೇಗ ಮುಗಿಯಿತು. ಫೋನಿಟ್ಟ ಮೇಲೆ ಕೋಣೆ ಇದ್ದಕ್ಕಿದ್ದಂತೆ ಬಿಕೋ ಎಂದಿತು. ಅವನು ಏಳಲಿಲ್ಲ. ಆರಿದ ಅನ್ನವನ್ನು ಒಬ್ಬನೇ ಕೂತು ನಿಧಾನವಾಗಿ ತಿಂದ.